ಕೊರವಂಜಿಯ ಕಣಿ

ಚನ್ನಗಿರಿಯಲ್ಲೋ ಜಗಳೂರಿನಲ್ಲೋ ಕುಳಿತ ಹುಡುಗಿಯೊಬ್ಬಳು ನಗೆಚಿತ್ರ ಬರೆದು ಅಂತರಜಾಲಕ್ಕೆ ಏರಿಸಲು ಇಂದು ಯಾವ ಸಂಪಾದಕರ ಅಪ್ಪಣೆಯೂ ಬೇಕಿಲ್ಲ. ಸಂಜೆಯೊಳಗೆ ಹೊನ್ನಾಳಿ, ನ್ಯಾಮತಿಯ ಓದುಗರು ನಕ್ಕಿರುತ್ತಾರೆ, ಇಲ್ಲವೇ ಬೈದಿರುತ್ತಾರೆ. 1942ರಲ್ಲಿ ಹಾಗಿರಲಿಲ್ಲ. ಯುದ್ಧಕಾಲ, ಕಾಗದದ ಅಭಾವ. ಒಂದೊಂದು ಗೆರೆಚಿತ್ರಕ್ಕೂ ಲೋಹದ ಬ್ಲಾಕು ಮಾಡಿಸಬೇಕು. ಅಂಥ ಹೊತ್ತಿನಲ್ಲಿ ಬೆಂಗಳೂರಿನ ವೈದ್ಯ ಡಾ. ಎಂ. ಶಿವರಾಂ, ಅಂದರೆ ‘ರಾಶಿ’, ನಗೆಗೆಂದೇ ‘ಕೊರವಂಜಿ’ ಮಾಸಪತ್ರಿಕೆ ಹೊರಡಿಸಿದರು.

ಹೆಸರೇ ಅರ್ಧ ಕೆಲಸ ಮಾಡಿತು. ಕೊರವಂಜಿ ಎಂದರೆ ಮನೆಬಾಗಿಲಿಗೆ ಬಂದು ಕೈ ನೋಡಿ ಕಣಿ ಹೇಳುವವಳು. ಮನೆಯವರು ಮುಚ್ಚಿಟ್ಟದ್ದನ್ನು ಆಡಿದರೂ ಅವಳನ್ನು ಯಾರೂ ಅಟ್ಟುವುದಿಲ್ಲ. ಮೊರದಲ್ಲಿ ಅಕ್ಕಿ ತಂದುಕೊಡುತ್ತಾರೆ. ಆ ಸಲುಗೆಯೇ ಪತ್ರಿಕೆಯ ಬಂಡವಾಳ. ಆರ್.ಕೆ. ಲಕ್ಷ್ಮಣ್ ದೇಶಕ್ಕೆಲ್ಲ ಪರಿಚಯವಾಗುವ ಮೊದಲು ಇಲ್ಲಿ ಗೆರೆ ಎಳೆದರು. ಹೆಂಗಸು ನಗೆಬರಹ ಬರೆಯುವುದೇ ಅಪರೂಪವಾಗಿದ್ದ ಕಾಲದಲ್ಲಿ ಟಿ. ಸುನಂದಮ್ಮ ಇಲ್ಲಿ ಮನೆವಾರ್ತೆಯ ನಗೆಯನ್ನು ಅಚ್ಚಿಗೆ ತಂದರು.

ನಗುವವರು ಬೇಕಾದಷ್ಟು ಸಿಗುತ್ತಾರೆ, ಖರ್ಚು ಹೊರುವವರು ಯಾರು? ಸ್ವತಂತ್ರ ನಗೆಪತ್ರಿಕೆಗೆ ಇದು ತಿಂಗಳು ತಿಂಗಳೂ ಎದುರಾಗುವ ಪ್ರಶ್ನೆ. ಅಂತರಜಾಲದ ಚಿತ್ರಗಾರರಿಗೂ ತಪ್ಪಿಲ್ಲ. ಅದರ ನಡುವೆಯೂ ‘ಕೊರವಂಜಿ’ 25 ವರ್ಷ ನಡೆಯಿತು. 1967ರಲ್ಲಿ ನಿಂತಿತು. ಆದರೆ ಅಕ್ಕಿ ಕೊಟ್ಟವರು ಅವಳನ್ನು ಮರೆಯಲಿಲ್ಲ. 1983ರಲ್ಲಿ ಅದೇ ಜಾಡಿನಲ್ಲಿ ‘ಅಪರಂಜಿ’ ಹೊರಟಿತು.