1858: ತುಂಗಭದ್ರೆಯ ದಡದ ಒಂದು ವರ್ಷ

(ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಶಾಲೆಯ ಚರಿತ್ರೆ ಪುಸ್ತಕಗಳಲ್ಲಿ 1857 ಎಂಬ ಇಸವಿ ದಪ್ಪ ಅಕ್ಷರಗಳಲ್ಲಿ ಅಚ್ಚಾಗಿರುತ್ತದೆ. ಮೀರತ್, ದೆಹಲಿ, ಕಾನ್ಪುರ, ಲಖನೌ ಎಂಬ ಹೆಸರುಗಳು ಅದರ ಹಿಂದೆಯೇ ಬರುತ್ತವೆ. ಆದರೆ ಕನ್ನಡ ನಾಡಿನ ಮಟ್ಟಿಗೆ ಅದರ ಮರುವರ್ಷವೇ ಹೆಚ್ಚು ಮುಖ್ಯವಾದದ್ದು. 1858ರ ಫೆಬ್ರವರಿಯಿಂದ ನವೆಂಬರ್ ವರೆಗಿನ ಹತ್ತು ತಿಂಗಳಲ್ಲಿ ಇಲ್ಲಿ ಎರಡು ಸಂಸ್ಥಾನಗಳು ಅಳಿದವು, ಕಂಪನಿಯ ಸರ್ಕಾರ ಹೋಗಿ ರಾಣಿಯ ಸರ್ಕಾರ ಬಂತು. ಅಷ್ಟೇ ಅಲ್ಲ, ವರ್ಷದ ನಡುವೆ ಒಬ್ಬ ಅರಸನನ್ನು ಗಲ್ಲಿಗೇರಿಸಿದ ಸರ್ಕಾರ, ಅವನು ಯಾವ ಹಕ್ಕಿಗಾಗಿ ಕೊರಗಿದ್ದನೋ ಅದರ ಕಡೆಗೇ ವರ್ಷದ ಕೊನೆಯಲ್ಲಿ ಮುಖ ತಿರುಗಿಸಿತು.

ಆ ಕಾಲದ ಹರಿಹರವನ್ನು ಮೊದಲು ಕಣ್ಣಮುಂದೆ ತಂದುಕೊಳ್ಳಬೇಕು. ಹೊಳೆಗೆ ಅಡ್ಡಲಾಗಿರುವ ಹಳೆಯ ಕಮಾನು ಸೇತುವೆ ಕಟ್ಟಿದ್ದು 1868ರಲ್ಲಿ. ಅದಕ್ಕೆ ಹತ್ತು ವರ್ಷ ಮೊದಲು ಮಳೆಗಾಲದಲ್ಲಿ ಹೊಳೆ ದಾಟಬೇಕಾದರೆ ಹರಿಗೋಲೇ ಗತಿ. ಈಚೆ ದಡ ಮೈಸೂರು ಸೀಮೆ. ಆಚೆ ದಡದ ರಾಣೆಬೆನ್ನೂರು ಧಾರವಾಡ ಜಿಲ್ಲೆಗೆ, ಅಂದರೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಪಕ್ಕದ ಹರಪನಹಳ್ಳಿ ಬಳ್ಳಾರಿ ಜಿಲ್ಲೆಯದು, ಅದು ಮದ್ರಾಸಿಗೆ ಸೇರಿದ್ದು. ಹೊಳೆಯಗುಂಟ ಕೆಳಗೆ ಹೋದರೆ ಕೊಪ್ಪಳ, ಅದು ನಿಜಾಮನ ರಾಜ್ಯ. ಒಂದೇ ಹೊಳೆಯ ನೀರು ಕುಡಿಯುತ್ತಿದ್ದ, ಒಂದೇ ಭಾಷೆ ಆಡುತ್ತಿದ್ದ ಜನ ನಾಲ್ಕು ಸರ್ಕಾರಗಳ ಕೈಕೆಳಗಿದ್ದರು.

ದಾವಣಗೆರೆ ಆಗ ಚಿತ್ರದುರ್ಗ ಸೀಮೆಯ ಒಂದು ವ್ಯಾಪಾರದ ಪೇಟೆ. ಮಲೆನಾಡಿನ ಅಡಿಕೆ, ಮೆಣಸು ಇಲ್ಲಿಂದ ದೂರದ ವಾಲಾಜಾಪೇಟೆಗೆ ಹೋಗುತ್ತಿದ್ದವು. ಮೈಸೂರಿನಲ್ಲಿ ಮೂರನೆಯ ಕೃಷ್ಣರಾಜ ಒಡೆಯರು ಹೆಸರಿಗೆ ಅರಸರಾಗಿದ್ದರೂ ಆಡಳಿತ ಅವರ ಕೈಯಲ್ಲಿರಲಿಲ್ಲ. ನಗರದ ರೈತರ ದಂಗೆಯನ್ನು ನೆಪ ಮಾಡಿಕೊಂಡು 1831ರಲ್ಲಿ ಕಂಪನಿ ಅಧಿಕಾರವನ್ನು ಕಸಿದುಕೊಂಡಿತ್ತು. 1858ರಲ್ಲಿ ಕಮಿಷನರ್ ಆಗಿದ್ದವರು ಮಾರ್ಕ್ ಕಬ್ಬನ್. ಹರಿಹರದ ಹತ್ತಿರ ಸಿಪಾಯಿಗಳ ಒಂದು ದಂಡು ಬೀಡುಬಿಟ್ಟಿತ್ತು. ಅದು ಅಲ್ಲಿ 1865ರವರೆಗೂ ಇತ್ತು.

ಆ ವರ್ಷದ ಘಟನೆಗಳಿಗೆ ಪೀಠಿಕೆ ಹಿಂದಿನ ವರ್ಷದ ಕೊನೆಯಲ್ಲೇ ಸಿದ್ಧವಾಗಿತ್ತು. ಉತ್ತರದ ದಂಗೆಯಿಂದ ಬೆದರಿದ ಸರ್ಕಾರ 1857ರಲ್ಲಿ ಆಯುಧಗಳ ಮೇಲೆ ಕಾಯಿದೆ ತಂದಿತು. ಪರವಾನಗಿ ಇಲ್ಲದೆ ಯಾರೂ ಆಯುಧ ಇಟ್ಟುಕೊಳ್ಳುವಂತಿಲ್ಲ. ಮುಧೋಳ ಸಂಸ್ಥಾನದ ಹಲಗಲಿಯ ಬೇಡರಿಗೆ ಕತ್ತಿ, ಬಂದೂಕುಗಳೆಂದರೆ ಬದುಕಿನ ದಾರಿ, ಮನೆತನದ ಮಾನ. ಅವರು ಕೊಡುವುದಿಲ್ಲವೆಂದರು. ನವೆಂಬರ್ ಕೊನೆಯಲ್ಲಿ ದಂಡು ಬಂತು, ಊರಿಗೆ ಬೆಂಕಿ ಬಿತ್ತು. ಡಿಸೆಂಬರ್‌ನಲ್ಲಿ ಮುಧೋಳದಲ್ಲಿ 13 ಜನರನ್ನೂ ಹಲಗಲಿಯಲ್ಲಿ 6 ಜನರನ್ನೂ ಗಲ್ಲಿಗೇರಿಸಲಾಯಿತು. ಸರ್ಕಾರಿ ದಾಖಲೆಯ ಪಾಲಿಗೆ ವಿಷಯ ಅಲ್ಲಿಗೆ ಮುಗಿದಿರಬಹುದು. ಆದರೆ ಲಾವಣಿಕಾರರು ಅದನ್ನು ಬಿಡಲಿಲ್ಲ. ಮುಂದೆ 1880ರ ದಶಕದಲ್ಲಿ ಜೆ.ಎಫ್. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯೇ ಹಲಗಲಿಯ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ.

1858ರ ಫೆಬ್ರವರಿಯಲ್ಲಿ ಸುರಪುರದ ಸರದಿ ಬಂತು. ಅಲ್ಲಿನ ರಾಜಾ ವೆಂಕಟಪ್ಪ ನಾಯಕ ಇನ್ನೂ ಇಪ್ಪತ್ತರ ಹರೆಯದ ತರುಣ. ಚಿಕ್ಕಂದಿನಲ್ಲಿ ತಂದೆಯನ್ನು ಕಳೆದುಕೊಂಡವನು. ಅವನ ಪರವಾಗಿ 1853ರವರೆಗೆ ಸಂಸ್ಥಾನದ ಆಡಳಿತ ನೋಡಿಕೊಂಡವನು ಮೆಡೋಸ್ ಟೇಲರ್. ಹುಡುಗ ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದ. ಕೈಹಿಡಿದು ಬೆಳೆಸಿದವರ ಸರ್ಕಾರದ ಮೇಲೆಯೇ ಆ ಹುಡುಗ ದೊಡ್ಡವನಾಗಿ ಯುದ್ಧಕ್ಕೆ ನಿಂತ. ಯುದ್ಧ ಎರಡು ದಿನವೂ ನಿಲ್ಲಲಿಲ್ಲ. ಹೈದರಾಬಾದಿಗೆ ಹೋದ ನಾಯಕ ಅಲ್ಲಿ ಸೆರೆಸಿಕ್ಕ. ಮರಣದಂಡನೆ ರದ್ದಾಗಿ ಸೆರೆವಾಸದ ಶಿಕ್ಷೆಯಾಯಿತು. ಆದರೆ ಸೆರೆಮನೆಗೆ ಒಯ್ಯುವ ದಾರಿಯಲ್ಲಿ, ಮೇ ತಿಂಗಳಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡು ತಗುಲಿ ಸತ್ತ. ಸುರಪುರ ಎರಡು ವರ್ಷದ ಬಳಿಕ ನಿಜಾಮನ ಪಾಲಾಯಿತು.

ಮೇ ತಿಂಗಳ ಕೊನೆಗೆ ಕಿಡಿ ತುಂಗಭದ್ರೆಯ ದಡಕ್ಕೇ ಬಿತ್ತು. ಮುಂಡರಗಿಯ ಭೀಮರಾಯ ಒಂದು ಕಾಲಕ್ಕೆ ಕಂಪನಿ ಸರ್ಕಾರದಲ್ಲೇ ಅಧಿಕಾರಿಯಾಗಿದ್ದವನು. ಅವನ ಜೊತೆ ಕೈಜೋಡಿಸಿದವನು ಹಮ್ಮಿಗೆಯ ದೇಸಾಯಿ ಕೆಂಚನಗೌಡ. ಅವರ ಜನ ಡಂಬಳದ ಖಜಾನೆಯ ಮೇಲೆ ಬಿದ್ದು, ಅಲ್ಲಿಂದ ಕೊಪ್ಪಳದ ಕೋಟೆಯನ್ನು ಹಿಡಿದರು. ಬಳ್ಳಾರಿಯ ಕಡೆಯಿಂದ ಮೇಜರ್ ಹ್ಯೂಸ್‌ನ ದಂಡು ಬಂತು. ಜೂನ್ 1ರಂದು ಕೋಟೆ ಬಿತ್ತು. ಭೀಮರಾಯ, ಕೆಂಚನಗೌಡ ಇಬ್ಬರೂ ಅಲ್ಲೇ ಮಡಿದರು. ಮುಂಬಯಿ ಪ್ರಾಂತದಲ್ಲಿ ಎದ್ದ ಬಂಡಾಯ ನಿಜಾಮನ ಕೋಟೆಯಲ್ಲಿ, ಮದ್ರಾಸಿನ ಕಡೆಯಿಂದ ಬಂದ ದಂಡಿನ ಕೈಯಲ್ಲಿ ಅಡಗಿದ್ದನ್ನು ಗಮನಿಸಬೇಕು. ಜನರನ್ನು ಬೇರೆ ಬೇರೆ ಮಾಡಿದ್ದ ಗಡಿಗಳು ದಂಡಿಗೆ ಅಡ್ಡ ಬರಲಿಲ್ಲ.

ಅದೇ ವಾರ ನರಗುಂದದಲ್ಲಿ ನಡೆದದ್ದು ಈ ವರ್ಷದ ಕೇಂದ್ರ ಘಟನೆ. ಅರಸ ಭಾಸ್ಕರರಾವ್ ಭಾವೆ, ಜನರ ಬಾಯಲ್ಲಿ ಬಾಬಾಸಾಹೇಬ. ಸಾವಿರಾರು ಗ್ರಂಥಗಳ ಭಂಡಾರ ಇಟ್ಟುಕೊಂಡಿದ್ದ ವಿದ್ಯಾಪ್ರಿಯ. ಇದ್ದ ಮಗ ತೀರಿಕೊಂಡಿದ್ದ. ದತ್ತು ತೆಗೆದುಕೊಳ್ಳಲು ಅನುಮತಿ ಕೇಳಿದರೆ ಕಂಪನಿ ಕೊಡಲಿಲ್ಲ.

ಈ ದತ್ತಕದ ವಿಷಯವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಧರ್ಮಶಾಸ್ತ್ರದ ಪ್ರಕಾರ ದತ್ತುಮಗ ಹೊಟ್ಟೆಯ ಮಗನಿಗೆ ಸಮಾನ. ಪಿಂಡ ಹಾಕುವ ಅಧಿಕಾರವೂ ಅವನದೇ, ಆಸ್ತಿಯೂ ಅವನದೇ. ಕಂಪನಿಯ ಲೆಕ್ಕ ಬೇರೆ. ಪಿಂಡ ಹಾಕಲಿ, ಮನೆಯ ಒಡವೆ ವಸ್ತು ಇಟ್ಟುಕೊಳ್ಳಲಿ, ಆದರೆ ಸಂಸ್ಥಾನ ಸಿಗಬೇಕಾದರೆ ನಮ್ಮ ಅಪ್ಪಣೆ ಬೇಕು ಎಂಬುದು ಅದರ ವಾದ. ಕನ್ನಡಿಗರಿಗೆ ಇದು ಹೊಸದಾಗಿರಲಿಲ್ಲ. 1824ರಲ್ಲಿ ಕಿತ್ತೂರು ಸಿಡಿದೆದ್ದದ್ದು ದತ್ತಕವನ್ನು ಒಪ್ಪದಿದ್ದ ಕಾರಣಕ್ಕೇ. ಡಾಲ್‌ಹೌಸಿ ಗವರ್ನರ್ ಜನರಲ್ ಆದ ಮೇಲೆ ಅದೊಂದು ನೀತಿಯೇ ಆಗಿ, 1848ರಲ್ಲಿ ಸಾತಾರಾ, 1854ರಲ್ಲಿ ಝಾನ್ಸಿ ಹೋದವು. ನರಗುಂದದ ಅರಸನಿಗೆ ತನ್ನ ಮನೆತನದ ಮುಂದಿನ ಗತಿ ಕಣ್ಣೆದುರಿಗೇ ಇತ್ತು.

ಮೇ 29ರ ರಾತ್ರಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಸುರೇಬಾನದಲ್ಲಿ ತಂಗಿದ್ದ. ನರಗುಂದಕ್ಕೆ ಹೋಗಬೇಡಿ ಎಂದು ಅವನನ್ನು ಎಚ್ಚರಿಸಿದ್ದವನು ರಾಮದುರ್ಗದ ಅರಸ. ಅವನು ಬಾಬಾಸಾಹೇಬನ ಮಲಸಹೋದರ. ನಡುರಾತ್ರಿ ನರಗುಂದದವರು ಬಿದ್ದು ಮ್ಯಾನ್ಸನ್‌ನನ್ನು ಕೊಂದರು. ಅವನ ತಲೆಯನ್ನು ನರಗುಂದದ ಬಾಗಿಲಿಗೆ ತೂಗುಹಾಕಿದರು. ಜೂನ್ ಮೊದಲ ಎರಡು ದಿನಗಳಲ್ಲಿ ಕೋಟೆ ಕಂಪನಿಯ ವಶವಾಯಿತು. ಅರಸನ ತಾಯಿ ಮತ್ತು ಹೆಂಡತಿ ಮಲಪ್ರಭೆಯಲ್ಲಿ ಮುಳುಗಿ ಪ್ರಾಣಬಿಟ್ಟರು. ಸೆರೆಸಿಕ್ಕ ಅರಸನನ್ನು ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಸಂಸ್ಥಾನವನ್ನು ಧಾರವಾಡ ಜಿಲ್ಲೆಗೆ ಸೇರಿಸಿಕೊಂಡರು. ಅದೇ ತಿಂಗಳು ಉತ್ತರದಲ್ಲಿ, ಅದೇ ದತ್ತಕದ ಅನ್ಯಾಯಕ್ಕಾಗಿ ಕತ್ತಿ ಹಿಡಿದಿದ್ದ ಝಾನ್ಸಿಯ ಲಕ್ಷ್ಮೀಬಾಯಿ ರಣದಲ್ಲಿ ಬಿದ್ದಳು.

ಮ್ಯಾನ್ಸನ್‌ನ ಕೊಲೆಯನ್ನು ಮುಚ್ಚಿಟ್ಟು ಬಾಬಾಸಾಹೇಬನನ್ನು ಹೊಗಳಬೇಕಾಗಿಲ್ಲ. ಮಲಗಿದ್ದವರ ಮೇಲೆ ರಾತ್ರಿ ಬೀಳುವುದು ಯಾವ ಕಾಲದಲ್ಲೂ ಕ್ರೂರವೇ. ಆದರೆ ಗಲ್ಲಿನ ಹಗ್ಗದ ಕಡೆ ನೋಡುವವರು ಅದಕ್ಕೆ ಮೊದಲು ತಿರಸ್ಕೃತವಾದ ಅರ್ಜಿಯ ಕಡೆಗೂ ನೋಡಬೇಕು. ಏಕೆಂದರೆ ಆ ಅರ್ಜಿಯಲ್ಲಿದ್ದದ್ದು ಅನ್ಯಾಯದ ಬೇಡಿಕೆ ಎಂದು ಸರ್ಕಾರಕ್ಕೇ ಬಹುಕಾಲ ಹೇಳಲಾಗಲಿಲ್ಲ.

ಆಗಸ್ಟ್ 2ರಂದು ಇಂಗ್ಲೆಂಡಿನ ಪಾರ್ಲಿಮೆಂಟಿನ ಕಾಯಿದೆಯೊಂದು ಕಂಪನಿಯ ಆಳ್ವಿಕೆಯನ್ನು ಕೊನೆಗಾಣಿಸಿತು. ನವೆಂಬರ್ 1ರಂದು ಅಲಹಾಬಾದಿನಲ್ಲಿ ಕ್ಯಾನಿಂಗ್ ವಿಕ್ಟೋರಿಯಾ ರಾಣಿಯ ಘೋಷಣೆಯನ್ನು ಓದಿದ. ಇನ್ನು ರಾಜ್ಯ ವಿಸ್ತರಣೆಯ ಆಸೆ ಇಲ್ಲ, ದೇಶೀಯ ಅರಸರ ಹಕ್ಕು, ಮಾನ, ಮರ್ಯಾದೆಗಳನ್ನು ನಮ್ಮವೆಂದೇ ಕಾಯುತ್ತೇವೆ, ಯಾರ ಧರ್ಮದಲ್ಲೂ ಕೈಹಾಕುವುದಿಲ್ಲ ಎಂಬುದು ಅದರ ಸಾರ. ನಾಲ್ಕು ವರ್ಷಗಳೊಳಗೆ ಕ್ಯಾನಿಂಗ್ ಅನೇಕ ಅರಸರಿಗೆ ದತ್ತಕದ ಸನದುಗಳನ್ನೇ ಕೊಟ್ಟ. ಬಾಬಾಸಾಹೇಬನ ಗಲ್ಲಿಗೂ ರಾಣಿಯ ಘೋಷಣೆಗೂ ನಡುವೆ ಐದು ತಿಂಗಳೂ ತುಂಬಿರಲಿಲ್ಲ.

ಈಗ ಹೊಳೆಯ ಈಚೆ ದಡಕ್ಕೆ ಬರಬಹುದು. 1858ರಲ್ಲಿ ಕೃಷ್ಣರಾಜ ಒಡೆಯರಿಗೆ 64 ವರ್ಷ. ಪಟ್ಟಕ್ಕೆ ಬರಬಹುದಾದ ಗಂಡುಮಗನಿರಲಿಲ್ಲ. ನರಗುಂದದ ಅರಸನ ಕೊರಗೇ ಇವರದೂ ಆಗಿತ್ತು. ಆದರೆ ಹಾದಿ ಬೇರೆ. ದಂಗೆಯ ಕಾಲದಲ್ಲಿ ಅವರು ಕಂಪನಿಯ ಪರವಾಗಿಯೇ ನಿಂತರು. ಪತ್ರ, ಮನವಿಗಳ ಮೂಲಕ ತಮ್ಮ ಹಕ್ಕನ್ನು ಪಟ್ಟುಬಿಡದೆ ಕೇಳುತ್ತಲೇ ಇದ್ದರು. 1865ರ ಜೂನ್‌ನಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. ಕಲ್ಕತ್ತೆಯ ಸರ್ಕಾರ ಮೊದಲು ಒಪ್ಪಲಿಲ್ಲ. 1867ರಲ್ಲಿ ಲಂಡನ್ನಿನ ಸರ್ಕಾರ ಒಪ್ಪಿತು. ಮರುವರ್ಷ ಅರಸರು ತೀರಿಕೊಂಡರು. 1881ರಲ್ಲಿ ಮೈಸೂರು ರಾಜ್ಯ ದತ್ತುಪುತ್ರನ ಕೈಸೇರಿತು. ಹರಿಹರ, ದಾವಣಗೆರೆಗಳು ಐವತ್ತು ವರ್ಷಗಳ ಬಳಿಕ ಮತ್ತೆ ಮೈಸೂರು ಅರಸರ ಆಳ್ವಿಕೆಗೆ ಬಂದವು.

ಇದರಿಂದ ತಾಳ್ಮೆ ಗೆದ್ದಿತು, ಬಂಡಾಯ ಸೋತಿತು ಎಂಬ ಸುಲಭದ ತೀರ್ಮಾನಕ್ಕೆ ಬರಬಾರದು. ದತ್ತಕದ ನೀತಿಯನ್ನು ಸರ್ಕಾರ ಬದಲಿಸಿದ್ದು ಮನವಿಗಳನ್ನು ಓದಿ ಮನಕರಗಿ ಅಲ್ಲ. ಝಾನ್ಸಿ, ನರಗುಂದಗಳಂಥ ಕಡೆ ಆ ನೀತಿಗೆ ತೆರಬೇಕಾದ ಬೆಲೆ ಎಷ್ಟೆಂದು ಕಂಡ ಮೇಲೆ. ಮೈಸೂರಿನ ಮನವಿಗೆ ಲಂಡನ್ನಿನಲ್ಲಿ ಕೇಳುವ ಕಿವಿ ಸಿಕ್ಕಿದ್ದರಲ್ಲಿ ಬಂಡೆದ್ದವರ ಪಾಲೂ ಇದೆ. ಕೇಳಿದವನಿಗೆ ಹಗ್ಗ ಸಿಕ್ಕಿತು, ಕಾದವನಿಗೆ ರಾಜ್ಯ ಸಿಕ್ಕಿತು. ಎರಡೂ ಒಂದೇ ಕಥೆಯ ಎರಡು ತುದಿಗಳು.

ಹತ್ತು ವರ್ಷದ ನಂತರ ಹರಿಹರದಲ್ಲಿ ಸೇತುವೆ ಎದ್ದಿತು, ಎರಡೂ ದಡದ ಗಾಡಿಗಳು ಓಡಾಡತೊಡಗಿದವು. ಆದರೆ ದಡಗಳು ಒಂದೇ ರಾಜ್ಯಕ್ಕೆ ಸೇರಲು 1956ರವರೆಗೆ ಕಾಯಬೇಕಾಯಿತು. ಹರಿಹರದ ಹೊಳೆಯ ಬಳಿ ನಿಂತವರು ಆಚೆ ದಡದ ಕಡೆ ನೋಡುವಾಗ, ಅದೇ ನೀರು ಕೆಳಗೆ ಹಮ್ಮಿಗೆಯ ಸೀಮೆಯನ್ನೂ ಮುಟ್ಟುತ್ತದೆ ಎಂಬುದನ್ನು ಒಮ್ಮೆ ನೆನೆಯಬಹುದು.