ಕಲ್ಲಿನ ಮನೆಗೆ ಚಳಿಗಾಲ ಬಂದಾಗ



ನಮ್ಮ ಕಡೆ ಗಟ್ಟಿಮುಟ್ಟಾದ ಯಾವುದನ್ನು ಕಂಡರೂ ‘ಕಲ್ಲಿನ ಹಾಗಿದೆ’ ಎನ್ನುತ್ತೇವೆ. ಸೈಜುಗಲ್ಲಿನ ಗೋಡೆ ಎದ್ದರೆ ಮೂರು ತಲೆಮಾರಿಗೆ ಚಿಂತೆಯಿಲ್ಲ ಎಂದು ಮನೆ ಕಟ್ಟಿಸಿದವರು ನಿದ್ದೆ ಮಾಡುತ್ತಾರೆ. ನಾನೂ ಹಾಗೆಯೇ ತಿಳಿದಿದ್ದೆ. ಸಿವಿಲ್ ಎಂಜಿನಿಯರಿಂಗ್‌ನಲ್ಲಿ ಹೆಚ್ಚಿನ ಅಧ್ಯಯನಕ್ಕೆಂದು ಸ್ಕಾಟ್ಲೆಂಡಿನ ಎಡಿನ್‌ಬರೋ ನಗರಕ್ಕೆ ಹೋಗಿ, ಅಲ್ಲಿ ಮೂರು ಚಳಿಗಾಲ ಕಳೆದ ಮೇಲೆ ಈ ತಿಳಿವಳಿಕೆಯನ್ನು ಸ್ವಲ್ಪ ತಿದ್ದಿಕೊಳ್ಳಬೇಕಾಯಿತು.

ನಾನಿದ್ದದ್ದು ಮಾರ್ಚ್‌ಮಾಂಟ್ ಎಂಬ ಬಡಾವಣೆಯಲ್ಲಿ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಎದ್ದ ನಾಲ್ಕಂತಸ್ತಿನ ಮರಳುಗಲ್ಲಿನ ಕಟ್ಟಡಗಳು ಅಲ್ಲಿ ಬೀದಿಯುದ್ದಕ್ಕೂ ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ಇವಕ್ಕೆ ಟೆನಮೆಂಟ್ ಎಂದು ಹೆಸರು. ಒಂದೇ ಕಲ್ಲಿನ ಮೆಟ್ಟಿಲು, ಎಂಟು ಮನೆ, ಎಲ್ಲರ ತಲೆಯ ಮೇಲೂ ಒಂದೇ ಚಾವಣಿ. 2010ರ ಡಿಸೆಂಬರ್ ಬ್ರಿಟನ್ನಿನಲ್ಲಿ ನೂರು ವರ್ಷಗಳಲ್ಲೇ ಅತಿ ಚಳಿಯ ಡಿಸೆಂಬರ್ ಆಗಿತ್ತು. ಆ ಚಳಿ ಮುಗಿದು ಹಿಮ ಕರಗತೊಡಗಿದ ಒಂದು ಬೆಳಿಗ್ಗೆ ನಾನು ಬಾಗಿಲು ತೆರೆದು ಹೊರಗೆ ಕಾಲಿಟ್ಟಾಗ ಹೊಸ್ತಿಲ ಮುಂದೆ ಅಂಗೈ ಅಗಲದ ಕಲ್ಲಿನ ಚಕ್ಕೆಯೊಂದು ಬಿದ್ದಿತ್ತು. ಎತ್ತಿ ನೋಡಿದೆ. ಒಂದು ಬದಿ ನೂರು ವರ್ಷದ ಹೊಗೆಯಿಂದ ಕಪ್ಪಾಗಿತ್ತು. ಇನ್ನೊಂದು ಬದಿ ಆಗ ತಾನೇ ಒಡೆದ ಬೆಲ್ಲದ ಅಚ್ಚಿನಂತೆ ಹೊಂಬಣ್ಣವಾಗಿತ್ತು, ಹಸಿಯಾಗಿತ್ತು. ಮೂರನೆಯ ಅಂತಸ್ತಿನ ಕಿಟಕಿಯ ಮೇಲಿನಿಂದ ಬಿದ್ದ ಚಕ್ಕೆ ಅದು.

ಕೆಳಮನೆಯಲ್ಲಿದ್ದ ವೃದ್ಧೆಯೊಬ್ಬರು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಮೇಲೆ ನೋಡಿದರು. ಆಕೆಯ ಮುಖದಲ್ಲಿ ಕಂಡ ಭಯ ನನಗೆ ಆ ಕ್ಷಣದಲ್ಲಿ ಅರ್ಥವಾಗಲಿಲ್ಲ. ಆಮೇಲೆ ತಿಳಿಯಿತು: 2000ನೆಯ ಇಸವಿಯಲ್ಲಿ ಅದೇ ನಗರದಲ್ಲಿ ಹಳೆಯ ಕಟ್ಟಡವೊಂದರಿಂದ ಕಳಚಿ ಬಿದ್ದ ಕಲ್ಲು ಒಬ್ಬ ಯುವತಿಯ ಪ್ರಾಣ ತೆಗೆದಿತ್ತು. ಊರು ಅದನ್ನು ಮರೆತಿರಲಿಲ್ಲ.

ಕಲ್ಲು ಏಕೆ ಚಕ್ಕೆ ಏಳುತ್ತದೆ? ಇದು ನಿಮ್ಮ ಪಠ್ಯಪುಸ್ತಕದ ಒಂದೇ ಒಂದು ವಾಕ್ಯದಿಂದ ಆರಂಭವಾಗುವ ಕಥೆ. ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರ ಸುಮಾರು ಶೇಕಡಾ 9ರಷ್ಟು ಹೆಚ್ಚುತ್ತದೆ. ಬಹುಪಾಲು ದ್ರವಗಳು ಗಟ್ಟಿಯಾದಾಗ ಕುಗ್ಗುತ್ತವೆ, ನೀರು ಹಿಗ್ಗುತ್ತದೆ. ಪರೀಕ್ಷೆಯಲ್ಲಿ ಒಂದು ಅಂಕಕ್ಕೆ ಬರೆಯುವ ಈ ಉತ್ತರದಲ್ಲಿ ಊರುಗಳನ್ನೇ ಸವೆಸುವ ಬಲ ಅಡಗಿದೆ.

ಮರಳುಗಲ್ಲು ಎಂದರೆ ಒತ್ತಡಕ್ಕೆ ಸಿಕ್ಕಿ ಅಂಟಿಕೊಂಡ ಮರಳಿನ ಕಣಗಳು. ಕಣ ಕಣಗಳ ನಡುವೆ ಸಣ್ಣ ಸಣ್ಣ ಬಿಡುವುಗಳಿವೆ. ಅರುವತ್ತು ಸೆಂಟಿಮೀಟರ್ ಉದ್ದ, ಮೂವತ್ತು ಎತ್ತರ, ಇಪ್ಪತ್ತು ದಪ್ಪದ ಒಂದು ಕಲ್ಲನ್ನು ತೆಗೆದುಕೊಳ್ಳಿ. ಅದರ ಗಾತ್ರ 36 ಲೀಟರ್. ಅದರಲ್ಲಿ ಶೇಕಡಾ 15 ರಂಧ್ರವೆಂದು ಇಟ್ಟುಕೊಂಡರೆ 5.4 ಲೀಟರ್ ಖಾಲಿ ಜಾಗ. ಹೊರಗೆ ಬಂಡೆಯಂತೆ ಕಾಣುವ ಆ ಕಲ್ಲಿನೊಳಗೆ ಸಣ್ಣದೊಂದು ಕೊಡದಷ್ಟು ನೀರು ಹಿಡಿಯುತ್ತದೆ! ಅದು ಪೂರ್ತಿ ತುಂಬಿ ಹೆಪ್ಪುಗಟ್ಟಿದರೆ ಸುಮಾರು ಅರ್ಧ ಲೀಟರಿನಷ್ಟು ಹೆಚ್ಚಿನ ಜಾಗ ಬೇಕು. ಆ ಜಾಗ ಎಲ್ಲಿಂದ ಬರಬೇಕು?

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಿ. ರಂಧ್ರಗಳು ಅರ್ಧ ಮಾತ್ರ ತುಂಬಿದ್ದರೆ ಮಂಜುಗಡ್ಡೆ ಉಳಿದರ್ಧಕ್ಕೆ ಸರಿದುಕೊಳ್ಳುತ್ತದೆ, ಕಲ್ಲಿಗೆ ಅಪಾಯ ಕಡಿಮೆ. ಲೆಕ್ಕ ಹಾಕಿದರೆ, ಸುಮಾರು ಶೇಕಡಾ 91ಕ್ಕಿಂತ ಹೆಚ್ಚು ತುಂಬಿದಾಗಲೇ ಹಿಗ್ಗಲು ಸ್ಥಳವಿಲ್ಲದೆ ಕಲ್ಲಿನ ಮೇಲೆ ಒತ್ತಡ ಬೀಳುತ್ತದೆ. ಹಾಗಾದರೆ ಮನೆಯ ಮಾಲೀಕ ಚಳಿಯನ್ನು ತಡೆಯಲಾರನಾದರೂ ಗೋಡೆ ನೆನೆಯುವುದನ್ನು ತಡೆಯಬಲ್ಲ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಆದರೆ ಈ ಶೇಕಡಾ 9ರ ಲೆಕ್ಕ ಪೂರ್ತಿ ಸತ್ಯವಲ್ಲ. ಸ್ಟೀಫನ್ ಟೇಬರ್ ಎಂಬ ಅಮೆರಿಕದ ಭೂವಿಜ್ಞಾನಿ 1930ರ ಸುಮಾರಿಗೆ ಒಂದು ಸೊಗಸಾದ ಪ್ರಯೋಗ ಮಾಡಿದರು. ಮಣ್ಣಿಗೆ ನೀರಿನ ಬದಲು ಬೆಂಜೀನ್ ಉಣಿಸಿ ಹೆಪ್ಪುಗಟ್ಟಿಸಿದರು. ಬೆಂಜೀನ್ ಹೆಪ್ಪುಗಟ್ಟಿದಾಗ ಹಿಗ್ಗುವುದಿಲ್ಲ, ಕುಗ್ಗುತ್ತದೆ. ಆದರೂ ಮಣ್ಣು ಉಬ್ಬಿ ಮೇಲೆದ್ದಿತು! ಎಂದರೆ, ಬರಿಯ ಹಿಗ್ಗುವಿಕೆಯಿಂದ ಎಲ್ಲವನ್ನೂ ವಿವರಿಸಲಾಗದು. ನಡೆಯುವುದು ಹೀಗೆ: ಎಲ್ಲೋ ಒಂದು ಕಡೆ ಮೊದಲು ಮೂಡಿದ ಹಿಮದ ಹರಳು, ಇನ್ನೂ ಹೆಪ್ಪುಗಟ್ಟದೆ ಉಳಿದ ತೆಳುವಾದ ನೀರಿನ ಪೊರೆಯ ಮೂಲಕ ಸುತ್ತಲಿನ ನೀರನ್ನು ತನ್ನತ್ತ ಹೀರಿಕೊಳ್ಳುತ್ತದೆ, ಹೀರಿ ಹೀರಿ ಮಸೂರದ ಆಕಾರದಲ್ಲಿ ಬೆಳೆಯುತ್ತದೆ, ಬೆಳೆದು ಅಕ್ಕಪಕ್ಕವನ್ನು ತಳ್ಳುತ್ತದೆ. ನೆಲದಲ್ಲಿ ಇದೇ ನಡೆದಾಗ ಆಳವಿಲ್ಲದ ಪಾಯದ ತೋಟದ ಗೋಡೆಗಳು, ಮೆಟ್ಟಿಲುಗಳು ಚಳಿಗಾಲದಲ್ಲಿ ಎದ್ದು ಬೇಸಿಗೆಯಲ್ಲಿ ಕುಸಿದು ಸೊಟ್ಟಗಾಗುತ್ತವೆ. ಚಳಿದೇಶಗಳಲ್ಲಿ ಪಾಯವನ್ನು ಹಿಮ ಇಳಿಯುವ ಆಳಕ್ಕಿಂತ ಕೆಳಗೆ ಒಯ್ಯುವುದು ಇದಕ್ಕಾಗಿಯೇ.

ಇನ್ನೊಂದು ಪ್ರಶ್ನೆ ನಿಮ್ಮಲ್ಲಿ ಕೆಲವರಿಗಾದರೂ ಎದ್ದಿರಬೇಕು. ಎಡಿನ್‌ಬರೋ ಸೈಬೀರಿಯದಷ್ಟು ಚಳಿಯ ಊರೇನಲ್ಲ. ಅಲ್ಲಿ ಏಕೆ ಇಷ್ಟು ತೊಂದರೆ? ತೊಂದರೆ ಇರುವುದು ಚಳಿಯ ಆಳದಲ್ಲಲ್ಲ, ಸೊನ್ನೆಯ ಗೆರೆಯನ್ನು ಎಷ್ಟು ಸಲ ದಾಟಿದೆವು ಎಂಬುದರಲ್ಲಿ. ತಿಂಗಳುಗಟ್ಟಲೆ ಹೆಪ್ಪುಗಟ್ಟಿಯೇ ಇರುವ ಗೋಡೆಯೊಳಗೆ ಬದಲಾವಣೆ ಕಡಿಮೆ. ಸ್ಕಾಟ್ಲೆಂಡಿನಲ್ಲಾದರೋ ಹಗಲು ಮಳೆ, ರಾತ್ರಿ ಹಿಮ, ಮರುದಿನ ಮತ್ತೆ ಮಳೆ. ಒಂದೊಂದು ಸಲವೂ ಬಿರುಕು ಕೂದಲೆಳೆಯಷ್ಟು ಅಗಲವಾಗುತ್ತದೆ; ಕರಗಿದ ನೀರು ಆ ಅಗಲದೊಳಗೂ ಇಳಿಯುತ್ತದೆ.

ಹಾಗಿದ್ದೂ ಅದೇ ಊರಿನ ಕೆಲವು ಕಟ್ಟಡಗಳು ಇನ್ನೂರು ವರ್ಷ ಕಳೆದರೂ ಉಳಿಯ ಗುರುತನ್ನು ಅಳಿಯಗೊಡದೆ ನಿಂತಿವೆ. 1767ರಲ್ಲಿ ಜೇಮ್ಸ್ ಕ್ರೇಗ್ ಎಂಬ ತರುಣ ರೂಪಿಸಿದ ನಕ್ಷೆಯಂತೆ ಎದ್ದ ‘ನ್ಯೂ ಟೌನ್’ ಬಡಾವಣೆಯ ಎಷ್ಟೋ ಮನೆಗಳಿಗೆ ಕಲ್ಲು ಬಂದದ್ದು ಕ್ರೇಗ್‌ಲೀತ್ ಎಂಬ ಗಣಿಯಿಂದ. ಆ ಕಲ್ಲಿನಲ್ಲಿ ಸಿಲಿಕಾ ಅಂಶ ಶೇಕಡಾ 98ರ ಹತ್ತಿರ. ಕಣಗಳ ಹೆಣಿಗೆ ಬಲು ಬಿಗಿ. (ಅದೇ ಗಣಿಯಲ್ಲಿ ಕಲ್ಲಾಗಿ ಹೋದ ದೊಡ್ಡ ಮರವೊಂದು ಸಿಕ್ಕಿತು, ಈಗ ಅದು ಲಂಡನ್ನಿನ ಪ್ರಕೃತಿ ವಿಜ್ಞಾನ ವಸ್ತುಸಂಗ್ರಹಾಲಯದ ಅಂಗಳದಲ್ಲಿದೆ. ಗಣಿ ಮುಚ್ಚಿಹೋಗಿ ಅಲ್ಲಿ ಅಂಗಡಿಗಳ ಸಮುಚ್ಚಯ ಎದ್ದಿದೆ.) ಮುಂದೆ ರೈಲು ಬಂದ ಮೇಲೆ ಬೇರೆ ಬೇರೆ ಕಡೆಯ, ಕೆತ್ತಲು ಸುಲಭವಾದ ಮೆದು ಕಲ್ಲುಗಳೂ ಊರಿಗೆ ಬಂದವು. ಕೆತ್ತಲು ಸುಲಭವಾದದ್ದು ಕೆಲವೊಮ್ಮೆ ಹಿಮಕ್ಕೂ ಸುಲಭವಾಗುತ್ತದೆ.

ಕಲ್ಲು ಒಳ್ಳೆಯದಾದರೆ ಸಾಲದು, ಅದನ್ನು ಮಲಗಿಸುವ ಕ್ರಮವೂ ಮುಖ್ಯ. ಮರಳುಗಲ್ಲು ನೀರಿನ ಅಡಿಯಲ್ಲಿ ಪದರ ಪದರವಾಗಿ ಹುಟ್ಟಿದ್ದು. ನಿಮ್ಮ ನೋಟುಪುಸ್ತಕಗಳನ್ನು ಒಂದರ ಮೇಲೊಂದು ಅಡ್ಡಲಾಗಿ ಇಟ್ಟು ಮೇಲೆ ಭಾರ ಹೇರಿ, ಏನೂ ಆಗದು. ಅವನ್ನೇ ನಿಲ್ಲಿಸಿ ಸಾಲಾಗಿ ಇಟ್ಟರೆ ಹೊರಗಿನ ಪುಸ್ತಕ ಸುಲಭವಾಗಿ ಕಳಚಿ ಬೀಳುತ್ತದೆ. ಕಲ್ಲೂ ಹಾಗೆಯೇ. ಹುಟ್ಟಿದಾಗ ಹೇಗೆ ಮಲಗಿತ್ತೋ ಗೋಡೆಯಲ್ಲೂ ಹಾಗೆಯೇ ಮಲಗಬೇಕು. ಪದರವನ್ನು ಬೀದಿಗೆ ಮುಖಮಾಡಿ ನಿಲ್ಲಿಸಿದರೆ ನೀರು ಪದರಗಳ ನಡುವೆ ಸೇರಿ, ಹೆಪ್ಪುಗಟ್ಟಿ, ಪುಟ ಪುಟವಾಗಿ ಬಿಡಿಸುತ್ತದೆ. ದೊಡ್ಡ ಮುಖದ ಕಲ್ಲು ಬೇಕೆಂಬ ಆಸೆಗೆ ಹೀಗೆ ನಿಲ್ಲಿಸಿದ ಕಲ್ಲುಗಳು ಆ ಊರಿನಲ್ಲಿ ಬೇಕಾದಷ್ಟಿವೆ.

ನಮ್ಮ ಕಟ್ಟಡದ ರೋಗ ಮಾತ್ರ ಬೇರೆಯೇ ಆಗಿತ್ತು. ನಾನು ಎಂಜಿನಿಯರಿಂಗ್ ಓದುವವನೆಂದು ನನ್ನ ಮನೆಯ ಮಾಲೀಕರು ತಮ್ಮ ಪರವಾಗಿ ನೋಡಿಕೊಂಡು ಬರಲು ನನ್ನನ್ನೇ ಅಟ್ಟಣಿಗೆ ಹತ್ತಿಸಿದರು. ಮೇಲೆ ಹೋಗಿ ನೋಡಿದರೆ, ಕಲ್ಲುಗಳ ಸಂದಿನಲ್ಲಿ ಬೂದುಬಣ್ಣದ ಸಿಮೆಂಟು ಗಟ್ಟಿಯಾಗಿ ನಿಂತಿತ್ತು. ಅದರ ನಡುವಿನ ಕಲ್ಲು ಸವೆದು ಒಳಕ್ಕೆ ಸರಿದಿತ್ತು. ಥೇಟ್ ಜೇನುತಟ್ಟಿಯ ಹಾಗೆ! ಹಿಂದೆ ಯಾವಾಗಲೋ ದುರಸ್ತಿಗೆ ಬಂದವರು ಹಳೆಯ ಸುಣ್ಣದ ಗಾರೆಯನ್ನು ಕೆರೆದು ಸಿಮೆಂಟು ತುಂಬಿ ಹೋಗಿದ್ದರು. ಅವರಿಗೆ ಕೆಟ್ಟ ಉದ್ದೇಶವೇನೂ ಇದ್ದಿರಲಾರದು. ಗಟ್ಟಿ ಗೋಡೆಗೆ ಗಟ್ಟಿ ಗಾರೆ ಎಂದು ಯಾರಿಗಾದರೂ ತೋರುತ್ತದೆ.

ಮಿತ್ರರೇ, ಇಂದಿನ ಮಾತಿನ ತಿರುಳು ಇಲ್ಲಿದೆ. ಅಲ್ಲಿನ ಹಳೆಯ ಗೋಡೆಗಳು ಅರುವತ್ತು ಸೆಂಟಿಮೀಟರಿನಷ್ಟು ದಪ್ಪ. ಹೊರಗೆ ಚೊಕ್ಕವಾಗಿ ಕೆತ್ತಿದ ಕಲ್ಲು, ಹಿಂದೆ ಕಾಡುಗಲ್ಲು, ನಡುವೆಲ್ಲ ಸುಣ್ಣದ ಗಾರೆ. ಮಳೆ ಬಂದರೆ ಗೋಡೆ ಸ್ವಲ್ಪ ನೆನೆಯುತ್ತದೆ. ಬಿಸಿಲು ಗಾಳಿಗೆ ಸಂದಿನ ಸುಣ್ಣದ ಮೂಲಕ ಆ ನೀರು ಆವಿಯಾಗಿ ಹೊರಟುಹೋಗುತ್ತದೆ. ಸುಣ್ಣ ಕಲ್ಲಿಗಿಂತ ಮೆದು, ಕಲ್ಲಿಗಿಂತ ಹೆಚ್ಚು ಉಸಿರಾಡುತ್ತದೆ. ಹಿಮದ ಪೆಟ್ಟು ಬಿದ್ದರೆ ಮೊದಲು ಉದುರುವುದು ಸುಣ್ಣ. ಐವತ್ತು ಅರುವತ್ತು ವರ್ಷಕ್ಕೊಮ್ಮೆ ಅದನ್ನು ಮತ್ತೆ ತುಂಬಿದರಾಯಿತು. ಜೋಸೆಫ್ ಆಸ್ಪ್‌ಡಿನ್ 1824ರಲ್ಲಿ ಹಕ್ಕುಪತ್ರ ಪಡೆದ ಪೋರ್ಟ್‌ಲೆಂಡ್ ಸಿಮೆಂಟು ಅದ್ಭುತ ವಸ್ತುವೇ. ಅದಿಲ್ಲದೆ ನಮ್ಮ ಅಣೆಕಟ್ಟು, ಸೇತುವೆಗಳನ್ನು ಇಂದು ಊಹಿಸುವುದೂ ಕಷ್ಟ. ಆದರೆ ಮೆದು ಕಲ್ಲಿನ ಸಂದಿನಲ್ಲಿ ಅದು ಮುಚ್ಚಿದ ಬಾಗಿಲು. ನೀರಿಗೆ ಹೊರಗೆ ಹೋಗಲು ಉಳಿದ ದಾರಿ ಕಲ್ಲೊಂದೇ. ಸಿಮೆಂಟಿನ ಅಂಚಿನಲ್ಲಿ ಕಲ್ಲು ಸದಾ ತೊಯ್ದಿರುತ್ತದೆ, ಅಲ್ಲೇ ಹಿಮ ಕಟ್ಟುತ್ತದೆ. ಸಾಯಬೇಕಾದ ಗಾರೆ ಉಳಿಯಿತು, ಉಳಿಯಬೇಕಾದ ಕಲ್ಲು ಸತ್ತಿತು.

ಗೋಡೆಗೆ ನೀರು ಒಳಬಿಡದ ರಾಸಾಯನಿಕ ಲೇಪ ಬಳಿದರೆ ಸಾಲದೇ ಎಂದು ನಮ್ಮ ಸಭೆಯಲ್ಲೂ ಒಬ್ಬರು ಕೇಳಿದರು. ಎಲ್ಲೋ ಒಂದು ಬಿರುಕಿನಿಂದ ಒಳಸೇರಿದ ನೀರು ಆ ಲೇಪದ ಹಿಂದೆ ಸಿಕ್ಕಿಬಿದ್ದರೆ ಮೊದಲಿಗಿಂತ ಹೆಚ್ಚು ಹಾನಿ.

ಸಭೆ ಎಂದೆನಲ್ಲ, ಅದರ ಬಗ್ಗೆಯೂ ಹೇಳಬೇಕು. ಎಂಟು ಮನೆಯವರು ಮೆಟ್ಟಿಲ ಮೇಲೆ ಕುಳಿತು ನಡೆಸಿದ ಸಭೆ ಅದು. ನೆಲಮನೆಯವರು, ‘ಬೀಳುತ್ತಿರುವುದು ಮೂರನೆಯ ಅಂತಸ್ತಿನ ಕಲ್ಲು, ನಾವೇಕೆ ಕೊಡಬೇಕು?’ ಎಂದರು. ಮೇಲಿನವರು, ‘ಬಿದ್ದರೆ ನಿಮ್ಮ ಬಾಗಿಲಲ್ಲೇ ಬೀಳುವುದು’ ಎಂದರು. ಸ್ಕಾಟ್ಲೆಂಡಿನಲ್ಲಿ 2004ರಲ್ಲಿ ಟೆನಮೆಂಟುಗಳಿಗೆಂದೇ ಒಂದು ಕಾಯಿದೆ ಬಂದಿದೆ. ಹಳೆಯ ಕ್ರಯಪತ್ರಗಳಲ್ಲಿ ಬೇರೆ ರೀತಿ ಬರೆದಿರದಿದ್ದರೆ, ಚಾವಣಿ, ಪಾಯ, ಹೊರಗೋಡೆಗಳ ದುರಸ್ತಿಯನ್ನು ಮಾಲೀಕರ ಬಹುಮತದಿಂದ ತೀರ್ಮಾನಿಸಬಹುದು. ವೆಚ್ಚದಲ್ಲಿ ಎಲ್ಲರಿಗೂ ಪಾಲು. ಪಿಂಚಣಿಯ ಮೇಲೆ ಬದುಕುತ್ತಿದ್ದ ಆ ಕೆಳಮನೆಯ ವೃದ್ಧೆಗೆ ಆ ಪಾಲು ಸಣ್ಣದಾಗಿರಲಿಲ್ಲ. ಆದರೂ ಕೈ ಎತ್ತಿದವರಲ್ಲಿ ಆಕೆಯೇ ಮೊದಲಿಗರು. ಹೊಸ್ತಿಲ ಮೇಲಿನ ಚಕ್ಕೆಯನ್ನು ಆಕೆ ಎಸೆದಿರಲಿಲ್ಲ. ಸಭೆಗೆ ತಂದು ಮಡಿಲಲ್ಲಿ ಇಟ್ಟುಕೊಂಡಿದ್ದರು.

ಕೆಲಸ ಆರಂಭವಾದದ್ದು ಜೂನ್ ತಿಂಗಳಲ್ಲಿ. ಬಂದ ಮೇಸ್ತ್ರಿ ಮೊದಲು ಕಲ್ಲನ್ನು ಮುಟ್ಟಲೇ ಇಲ್ಲ. ಚಾವಣಿಯ ಅಂಚಿನ ನೀರಿನ ದೋಣಿಯನ್ನು ನೋಡಿದರು. ಎಲೆ ಕಸ ಕಟ್ಟಿ, ಒಂದು ಕೊಳವೆ ಒಡೆದು, ನೀರೆಲ್ಲ ಗೋಡೆಯ ಮೇಲೆಯೇ ಇಳಿಯುತ್ತಿತ್ತು. ‘ಇದನ್ನು ಸರಿಪಡಿಸದೆ ಉಳಿದದ್ದೆಲ್ಲ ದುಡ್ಡಿನ ದಂಡ’ ಎಂದರು. ಶೇಕಡಾ 91ರ ಲೆಕ್ಕ ಆತ ಓದಿದ್ದರೋ ಇಲ್ಲವೋ ನಾನು ಕೇಳಲಿಲ್ಲ.

ಅನಂತರ ಸಂದಿನ ಸಿಮೆಂಟನ್ನು ಸಣ್ಣ ಚಾಣದಿಂದ ಬಿಡಿಸಿದರು. ಅವಸರದಲ್ಲಿ ಯಂತ್ರದ ಗರಗಸ ಹಚ್ಚಿದರೆ ಕಲ್ಲಿನ ಅಂಚು ಹಾರುತ್ತದೆ. ಒಂದು ಅಂಗುಲಕ್ಕೆ ಕಡಿಮೆಯಿಲ್ಲದಂತೆ ಒಳಗೆ ಬಿಡಿಸಿ, ಧೂಳು ತೊಳೆದು, ಕಲ್ಲನ್ನು ಹದವಾಗಿ ನೆನೆಸಿ, ಸುಣ್ಣ ಮರಳಿನ ಗಾರೆಯನ್ನು ಕಿರಿದಾದ ಕರಣೆಯಿಂದ ಒತ್ತಿ ಒತ್ತಿ ತುಂಬಿದರು. ತೀರ ಹಾಳಾದ ಕಲ್ಲುಗಳ ಮುಖವನ್ನು ಸುಮಾರು ನಾಲ್ಕು ಅಂಗುಲ ಆಳಕ್ಕೆ ಕತ್ತರಿಸಿ ತೆಗೆದು, ಅದೇ ಜಾತಿಯ ಹೊಸ ಕಲ್ಲನ್ನು ಹುಟ್ಟಿನ ಪದರದಂತೆಯೇ ಮಲಗಿಸಿ ಕೂರಿಸಿದರು. ಹಳೆಯ ಗಣಿಗಳು ಮುಚ್ಚಿರುವುದರಿಂದ ಹೊಂದುವ ಕಲ್ಲು ಹುಡುಕುವುದೇ ಒಂದು ಶಾಸ್ತ್ರ. ಚೂರೊಂದನ್ನು ಕೊಟ್ಟರೆ ಬ್ರಿಟಿಷ್ ಭೂವೈಜ್ಞಾನಿಕ ಸರ್ವೇಕ್ಷಣೆಯವರು ತೆಳುವಾಗಿ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿ, ಇಂದು ಸಿಗುವ ಕಲ್ಲುಗಳಲ್ಲಿ ಯಾವುದು ಅದಕ್ಕೆ ಹತ್ತಿರ ಎಂದು ತಿಳಿಸುತ್ತಾರೆ.

ತುಂಬಿದ ಮೇಲೆ ಆ ಮೇಸ್ತ್ರಿ ಗೋಡೆಗೆ ಒದ್ದೆ ಗೋಣಿತಾಟು ಇಳಿಬಿಟ್ಟಾಗ ನನಗೆ ನಮ್ಮೂರಿನ ನೆನಪಾಯಿತು. ಎತ್ತು ಕಟ್ಟಿ ಗಾರೆ ಅರೆಯುತ್ತಿದ್ದ ಗಾಣದ ಕಲ್ಲಿನ ಚಕ್ರ ನಮ್ಮ ಕಡೆಯ ಹಳ್ಳಿಗಳಲ್ಲಿ ಇಂದಿಗೂ ಮೂಲೆಯಲ್ಲಿ ಬಿದ್ದಿರುವುದುಂಟು. ಸುಣ್ಣದ ಸ್ವಭಾವ ಎರಡೂ ಕಡೆ ಒಂದೇ. ಅದು ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಮೆಲ್ಲಗೆ ಹೀರಿ ಮತ್ತೆ ಸುಣ್ಣಕಲ್ಲಾಗಬೇಕು. ಅದಕ್ಕೆ ತೇವವೂ ಬೇಕು, ಸಮಯವೂ ಬೇಕು. ನಮ್ಮಲ್ಲಿ ಗೋಣಿತಾಟು ಬಿಸಿಲಿನಿಂದ ಕಾಪಾಡಲು. ಅಲ್ಲಿ ಬೇಸಿಗೆಯ ಗಾಳಿಯಿಂದ ಮೊದಲು, ಆಮೇಲೆ ಹಿಮದಿಂದ. ಉಷ್ಣತೆ 5 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗಿಳಿದರೆ ಸುಣ್ಣದ ಕೆಲಸ ನಿಲ್ಲಿಸುತ್ತಾರೆ. ಹಸಿ ಗಾರೆಯೊಳಗಿನ ನೀರೇ ಹೆಪ್ಪುಗಟ್ಟಿ ಅದನ್ನು ಪುಡಿಮಾಡೀತೆಂಬ ಹೆದರಿಕೆ. ಈ ಕಸುಬು ಅಲ್ಲಿಯೂ ಮರೆಯಾಗುತ್ತಿತ್ತು. ಅದನ್ನು ಮತ್ತೆ ಕಲಿಸಲೆಂದೇ 1994ರಲ್ಲಿ ಫೈಫ್ ಪ್ರಾಂತದ ಚಾರ್ಲ್ಸ್‌ಟೌನ್ ಎಂಬ ಹಳೆಯ ಸುಣ್ಣದ ಗೂಡುಗಳ ಊರಿನಲ್ಲಿ ಒಂದು ಸಂಸ್ಥೆ ಹುಟ್ಟಿತು.

ನಮ್ಮಲ್ಲಿ ಹಿಮವಿಲ್ಲ. ಆದರೆ ಕರಾವಳಿಯ ಹಳೆಯ ಗೋಡೆಗಳಲ್ಲಿ ಉಪ್ಪಿನ ಹರಳು ಬೆಳೆದು ಕಲ್ಲನ್ನು ಪುಡಿಮಾಡುವುದನ್ನು ನೀವು ನೋಡಿರಬಹುದು. ಆ ಉಪ್ಪು ಈ ಹಿಮದ ದಾಯಾದಿ. ಅಜ್ಜನ ಕಾಲದ ಗಾರೆಯ ಗೋಡೆಗೆ ಸಿಮೆಂಟು ಮೆತ್ತಿಸಿದ ಮನೆ ನಿಮ್ಮ ಊರಿನಲ್ಲಿದ್ದರೆ, ಮಳೆಗಾಲ ಮುಗಿದ ಮೇಲೆ ಆ ಅಂಚನ್ನೊಮ್ಮೆ ಹತ್ತಿರದಿಂದ ನೋಡಿ ಬನ್ನಿ.

ಫ್ರಿಜ್ ಇರುವ ಮನೆಯವರು ಇನ್ನೊಂದು ಕೆಲಸ ಮಾಡಬಹುದು. ಸರಿಯಾಗಿ ಬೇಯದ ಇಟ್ಟಿಗೆಯ ಎರಡು ಚೂರು ಆರಿಸಿ ತೂಕ ಮಾಡಿ. ಒಂದನ್ನು ಎರಡು ದಿನ ನೀರಿನಲ್ಲಿ ಮುಳುಗಿಸಿಡಿ, ಇನ್ನೊಂದು ಒಣಗಿಯೇ ಇರಲಿ. ಎರಡನ್ನೂ ರಾತ್ರಿ ಐಸ್ ಕಟ್ಟುವ ಅರೆಯಲ್ಲಿಡಿ, ಬೆಳಿಗ್ಗೆ ಹೊರತೆಗೆಯಿರಿ. ನೆನೆದದ್ದನ್ನು ಹಗಲೆಲ್ಲ ಮತ್ತೆ ನೀರಿಗೆ ಹಾಕಿ. ಹೀಗೆ ಇಪ್ಪತ್ತು ರಾತ್ರಿ. ಕೊನೆಗೆ ಎರಡನ್ನೂ ಬಿಸಿಲಿನಲ್ಲಿ ಪೂರ್ತಿ ಒಣಗಿಸಿ ಮತ್ತೆ ತೂಗಿ, ಅಂಚುಗಳನ್ನು ಬೆರಳಿನಿಂದ ಸವರಿ ನೋಡಿ. ತೂಕದ ವ್ಯತ್ಯಾಸವನ್ನು ದಿನಾಂಕ ಹಾಕಿ ಬರೆದಿಡಿ. ಗಾಜಿನ ಪಾತ್ರೆ ಮಾತ್ರ ಬಳಸಬೇಡಿ; ಅದು ಕಲ್ಲಿಗಿಂತ ಮೊದಲು ಒಡೆಯುತ್ತದೆ.