ಅವಳಿ ಮಕ್ಕಳು ಮತ್ತು ಲೋಕದ ನಂಬಿಕೆ



ಅಂಟಿಕೊಂಡ ಜೋಡಿ ಬಾಳೆಹಣ್ಣನ್ನು ಹೆಣ್ಣುಮಕ್ಕಳ ಕೈಯಿಂದ ಹಿರಿಯರು ಕಸಿದುಕೊಳ್ಳುವುದು ನಮ್ಮ ಆದವಾನಿ, ಆಲೂರು ಸೀಮೆಯ ಮನೆಗಳಲ್ಲಿಯೂ ಉಂಟು. ತಿಂದರೆ ಅವಳಿ ಹುಟ್ಟುವುವೆಂಬ ಭಯ. ಲವಕುಶರೆಂದು ಹೆಸರಿಟ್ಟು ಮುದ್ದಾಡುವ ಜನವೇ ಹೀಗೆ ಅಂಜುವುದು ವಿಚಿತ್ರವಾದರೂ, ಎರಡು ಕೂಸಿಗೆ ಹಾಲೂಡಿಸುವ ಬಡತಾಯಿಯ ಪಾಡನ್ನು ಬಲ್ಲವರಿಗೆ ಆ ಅಂಜಿಕೆಯ ಬೇರು ತಿಳಿಯದೆ ಇರದು. ಹಣ್ಣಿನ ಮಾತನ್ನು ನಾವು ನಕ್ಕು ಬಿಡಬಹುದು. ಹೆರಿಗೆ ಕಠಿಣವಾದಾಗ ಬಾಣಂತಿಯನ್ನು "ಏನು ತಿಂದಿದ್ದೆ?" ಎಂದು ಹಂಗಿಸುವುದನ್ನು ಮಾತ್ರ ನಕ್ಕು ಬಿಡುವಂತಿಲ್ಲ.

ಫಲಿತವಾದ ಒಂದೇ ಅಂಡ ಎರಡಾಗಿ ಸೀಳಿದರೆ ಏಕರೂಪದ ಅವಳಿ. ಎರಡು ಅಂಡಗಳು ಒಮ್ಮೆಗೇ ಫಲಿಸಿದರೆ ಭಿನ್ನರೂಪದ ಅವಳಿ. ಮೊದಲ ಬಗೆಯದು ಲೋಕದಲ್ಲೆಲ್ಲ ಸಾವಿರ ಹೆರಿಗೆಗೆ 3-4ರಷ್ಟು. ಎರಡನೆಯದು ವಂಶವನ್ನೂ ತಾಯಿಯ ವಯಸ್ಸನ್ನೂ ಅನುಸರಿಸಿ ಹೆಚ್ಚು ಕಡಿಮೆಯಾಗುತ್ತದೆ.

ತಾಯಿಯ ಮೇಲೆ ತಪ್ಪು ಹೊರಿಸುವ ಈ ರೂಢಿ ಆಫ್ರಿಕದ ಕೆಲವೆಡೆ ಘೋರರೂಪವನ್ನೇ ತಾಳಿತ್ತು. ಇಂದಿನ ನೈಜೀರಿಯಕ್ಕೆ ಸೇರಿದ ಕಲಬಾರ್ ಸೀಮೆಯಲ್ಲಿ, 19ನೆಯ ಶತಮಾನದಲ್ಲಿ, ಅವಳಿಗಳಲ್ಲೊಂದು ದುಷ್ಟಶಕ್ತಿಯ ಸಂತಾನವೆಂದು ಬಗೆದು ಎರಡನ್ನೂ ಮಡಕೆಯಲ್ಲಿಟ್ಟು ಕಾಡಿಗೆ ಬಿಡುತ್ತಿದ್ದರು. ಹೆತ್ತವಳನ್ನು ಊರ ಹೊರಗೆ ಅಟ್ಟುತ್ತಿದ್ದರು. 1876ರಲ್ಲಿ ಅಲ್ಲಿಗೆ ಬಂದ ಸ್ಕಾಟ್ಲೆಂಡಿನ ಮೇರಿ ಸ್ಲೆಸರ್, ಚಿಕ್ಕಂದಿನಲ್ಲಿ ಸೆಣಬಿನ ಗಿರಣಿಯಲ್ಲಿ ದುಡಿದವಳು (ಗಿರಣಿಯ ದುಡಿಮೆ ಎಂಥದೆಂದು ಆದವಾನಿಯವರಿಗೆ ಹೇಳಬೇಕಾಗಿಲ್ಲ), ಅಂಥ ಶಿಶುಗಳನ್ನು ಎತ್ತಿ ತಂದು ಸಾಕಿದಳು. 1915ರಲ್ಲಿ ಅಲ್ಲಿಯೇ ತೀರಿಕೊಂಡಳು. ಉಪದೇಶಕ್ಕಿಂತಲೂ, ಆ ಮಕ್ಕಳು ಕಣ್ಣೆದುರಿಗೆ ಬೆಳೆದುದೇ ಜನರ ಮನಸ್ಸನ್ನು ಹೆಚ್ಚು ತಿರುಗಿಸಿತೆಂದು ನಾವು ಎಣಿಸುತ್ತೇವೆ.

ಅದೇ ದೇಶದ ಪಶ್ಚಿಮಕ್ಕಿರುವ ಯೊರುಬಾ ಜನರಲ್ಲಿ ಅವಳಿಗಳಿಗೆ ದೈವದ ಮನ್ನಣೆ. ಮೊದಲು ಹುಟ್ಟಿದ ಕೂಸು ತೈವೊ. ಬಳಿಕ ಬಂದದ್ದು ಕೆಹಿಂದೆ. ಹಿರಿಯ ಮಾತ್ರ ಕೆಹಿಂದೆಯೇ! ಲೋಕದ ರುಚಿ ನೋಡಿ ಬಾರೆಂದು ತಮ್ಮನನ್ನು ಮುಂದೆ ಕಳುಹಿಸಿತೆಂದು ಅವರ ನಂಬಿಕೆ. ಒಂದು ಕೂಸು ಸತ್ತರೆ ಮರದ ಬೊಂಬೆ ಕೆತ್ತಿಸಿ, ತಾಯಿ ಅದಕ್ಕೆ ಮೀಯಿಸಿ, ಉಡಿಸಿ, ಉಣ್ಣಿಸುತ್ತಿದ್ದಳು. 20ನೆಯ ಶತಮಾನದ ಉತ್ತರಾರ್ಧಕ್ಕೆ ಕೆಲವರು ಬೊಂಬೆಯ ಬದಲು ಬದುಕಿದ ಮಗುವಿನ ಚಿತ್ರವನ್ನೇ ಎರಡು ಸಲ ಅಚ್ಚುಹಾಕಿಸಿ, ಜೋಡಿಯನ್ನು ಪೂರ್ಣಗೊಳಿಸಿಕೊಂಡರು. ನಂಬಿಕೆ ಉಳಿಯಿತು, ಬಡಗಿಯ ಕೆಲಸ ಛಾಯಾಚಿತ್ರಗಾರನಿಗೆ ಹೋಯಿತು.

ಅವರ ಇಗ್ಬೊ-ಓರಾ ಎಂಬ ಪಟ್ಟಣದಲ್ಲಿ ಅವಳಿಗಳು ಬಹಳ; 2018ರಲ್ಲಿ ಅವಳಿಗಳ ಉತ್ಸವವೂ ನಡೆಯಿತು. ಕಾರಣ ಕೇಳಿದರೆ ಬೆಂಡೆಯ ಎಲೆಯ ಸಾರೆನ್ನುತ್ತಾರೆ. ನಮ್ಮ ಬಾಳೆಹಣ್ಣಿನಂತೆ ಅದೂ ಶಾಸ್ತ್ರಸಿದ್ಧವಲ್ಲ. ಆದರೆ ಆ ಸಾರುಂಡು ಅವಳಿ ಹೆತ್ತವಳು ಕೂಸುಗಳನ್ನೆತ್ತಿಕೊಂಡು ಸಂತೆಯಲ್ಲಿ ಕುಣಿದರೆ, ಜನ ಕಾಸು ಕೊಟ್ಟು ಹರಸುವುದು ಯೊರುಬಾ ನಾಡಿನ ಹಳೆಯ ವಾಡಿಕೆ.